ತಂತಿ ಕಟ್ಟಿದ ಪೇರಲ ಗಿಡ

ಮುಸುರೆ ತೊಳೆದ ನೀರನ್ನು ಕಸ್ತೂರಮ್ಮ ದಿನಾ ಬೆಳಿಗ್ಗೆ ಹಿತ್ತಲಿನ ಪೇರಲ ಗಿಡಕ್ಕೇ ಸುರಿಯುವುದು. ಅವತ್ತೂ ಬಕೆಟ್ಟು ಎತ್ತಿದ್ದಳು, ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಸೌದೆ ಒಡೆಯುವ ರಂಗಣ್ಣ, ಹೆಗಲ ಮೇಲೆ ಕೊಡಲಿ.

"ಅಜ್ಜಮ್ಮನೋರು ಬರಾಕೆ ಹೇಳಿದ್ರು. ಒಣಗಿದ ಗಿಡ ಐತಂತಲ್ಲ."

ಬಕೆಟ್ಟು ಕೈಯಲ್ಲೇ ಉಳಿಯಿತು. ಅತ್ತೆ ಅಜ್ಜಮ್ಮ ತನಗೆ ಒಂದು ಮಾತೂ ಹೇಳಿರಲಿಲ್ಲ. ಮದುವೆಯಾಗಿ ಬಸವಾಪಟ್ಟಣಕ್ಕೆ ಬಂದ ವರ್ಷ ಅಪ್ಪ ಜಗಳೂರಿನಿಂದ ತಗಡಿನ ಡಬ್ಬಿಯಲ್ಲಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟ ಸಸಿ ಅದು. ಅಪ್ಪ ಈಗಿಲ್ಲ. ತವರಿನದು ಅಂತ ಈ ಮನೆಯಲ್ಲಿ ಉಳಿದಿರುವುದು ಅದೊಂದೇ.

ಎಂಟು ವರ್ಷ ಅದು ಕಾಯಿ ಬಿಟ್ಟಿರಲಿಲ್ಲ. ಕಾಯಿ ಬಿಡದ ಗಿಡಕ್ಕೆ ನಾಚಿಕೆಯಾಗಲಿ ಎಂದು ಸವೆದ ಕಸಬರಿಗೆ ಕಟ್ಟುವುದು ಅಲ್ಲಿನ ರೂಢಿ. ಹಗ್ಗವಾದರೆ ಮಳೆಗೆ ಕೊಳೆಯುತ್ತದೆಂದು ಅಜ್ಜಮ್ಮ ಅದನ್ನು ಬೇಲಿಯ ತಂತಿಯಲ್ಲೇ ಕಾಂಡಕ್ಕೆ ಸುತ್ತಿ ಬಿಗಿದಿದ್ದರು. ಮರುವರ್ಷ ಕೊಂಬೆ ಬಾಗುವಷ್ಟು ಕಾಯಿ. "ಮಾನ ಇರೋ ಗಿಡ" ಎಂದು ಓಣಿಗೆಲ್ಲ ಹಂಚಿದ್ದರು. ಈ ವರ್ಷ ನೋಡಿದರೆ ಎಲೆ ಹಳದಿ, ಕಾಯಿ ಗೋಲಿಯಷ್ಟಾಗಿ ಉದುರುತ್ತಿದೆ.

ಕಸ್ತೂರಮ್ಮನಿಗೆ ಒಂದೂ ತಿಳಿಯದು. ನೀರು ಸಾಲದು ಎನ್ನಲು ಬುಡದಲ್ಲಿ ಕೆಸರಿದೆ. ಹುಳು ಎನ್ನಲು ಒಂದು ತೂತಿಲ್ಲ. ಮುಸುರೆಯ ಬೂದಿ ಹೆಚ್ಚಾಯಿತೋ, ಓಣಿಯವರ ಕಣ್ಣು ಬಿತ್ತೋ? ಮೆಣಸಿನಕಾಯಿ ನಿವಾಳಿಸಿದ್ದೂ ಆಗಿತ್ತು. ಕಾಂಡಕ್ಕೆ ಇನ್ನೂ ಬಿಗಿದೇ ಇದ್ದ ತಂತಿಯ ಮೇಲೂ ಅನುಮಾನವಿತ್ತು. ಆದರೆ ಮಗಳು ಹಾಲಮ್ಮ ನಾಲ್ಕು ದಿನದ ಹಿಂದೆ ಆ ಅನುಮಾನವನ್ನೂ ಕಲಕಿಬಿಟ್ಟಿದ್ದಳು. ಮೇಷ್ಟ್ರು ಹೇಳಿದರೆಂದು ಗೌರಿ ಹೂವಿನ ದಂಟನ್ನು ಕೆಂಪು ಶಾಯಿಯ ಬಾಟಲಿಯಲ್ಲಿ ನಿಲ್ಲಿಸಿ, ಸಂಜೆಗೆ ಸೀಳಿ ತೋರಿಸಿದ್ದಳು. ಒಳಗೆ ಕೆಂಪು ಎಳೆಗಳು ಮೇಲಿನ ತನಕ ಹೋಗಿದ್ದವು.

"ನೀರು ಒಳಗಿಂದ ಹತ್ತತೈತೆ ಅವ್ವ."

"ತಂತಿ ಇರೋದು ಹೊರಗಿನ ತೊಗಟೆಗಲ್ಲೇನೆ. ಒಳಗಿನ ನೀರಿಗೆ ಅದೇನು ಅಡ್ಡ?" ಎಂದಿದ್ದಳು ಕಸ್ತೂರಮ್ಮ.

ಅವತ್ತಿನಿಂದ ಹುಡುಗಿ ಶಾಲೆಯಿಂದ ಬಂದವಳೇ ಗಿಡದ ಹತ್ತಿರ ಕೂತು ನೋಡುತ್ತಿದ್ದಳು. ಕೇಳಬೇಕಾದ್ದನ್ನು ನುಂಗಿಕೊಳ್ಳುವ ಮಗು ಅದು. ಕಸ್ತೂರಮ್ಮ ಕೆದಕಿರಲಿಲ್ಲ.

ಅಜ್ಜಮ್ಮ ಸೆರಗು ಸಿಕ್ಕಿಸಿಕೊಂಡು ಹೊರಬಂದರು. "ನಿಂತು ಮಕ ನೋಡ್ತೀಯಲ್ಲೋ ರಂಗ. ಹಾಕು ಏಟು, ನೀರೊಲೆಗಾದ್ರೂ ಆಗಲಿ."

"ಇನ್ನೊಂದು ತಿಂಗಳು ನೋಡಾಣ ಅತ್ತಿ."

"ದಿನಾ ಬಕೆಟ್ಟು ಹುಯ್ತೀಯ. ನಿನ್ನ ಗಿಡಕ್ಕೆ ಕುಡಿಯಾಕೂ ಸೋಮಾರಿತನ."

ರಂಗಣ್ಣ ನಗುತ್ತ ಹೆಗಲಿಂದ ಕೊಡಲಿ ಇಳಿಸಿದ. ಅಷ್ಟರಲ್ಲಿ ಅರ್ಧ ಜಡೆ ಹಾಕಿಕೊಂಡಿದ್ದ ಹಾಲಮ್ಮ ಓಡಿಬಂದು ಕಾಂಡವನ್ನು ತಬ್ಬಿ ನಿಂತಳು.

"ಆಚೆ ಸರಿಯಮ್ಮಿ" ಎಂದರು ಅಜ್ಜಮ್ಮ.

ಅವಳು ಸರಿಯಲಿಲ್ಲ. ಕೊಂಬೆಯಿಂದ ಕೆಳಕ್ಕೆ ತೊಗಟೆಯ ಮೇಲೆ ಬೆರಳು ಆಡಿಸುತ್ತ ಬಂದಳು. ಬೆರಳು ತಂತಿಯ ಹತ್ತಿರ ತಡೆಯಿತು. ತಂತಿಯ ಮೇಲುಗಡೆ ತೊಗಟೆ ಗಂಟಲಲ್ಲಿ ತುತ್ತು ಸಿಕ್ಕಿದ ಹಾಗೆ ದಪ್ಪಗೆ ಉಬ್ಬಿತ್ತು. ಕೆಳಗಡೆ ಬಡಕಲು. ದಿನಾ ನೀರು ಹುಯ್ಯುವ ಕಸ್ತೂರಮ್ಮನ ಕಣ್ಣಿಗೆ ಇಷ್ಟು ದಿನ ಅದು ಬಿದ್ದೇ ಇರಲಿಲ್ಲ. ಅವಳು ಬಕೆಟ್ಟು ಕೆಳಗಿಟ್ಟಳು.

ಹಾಲಮ್ಮನ ತುಟಿ ಎರಡು ಸಲ ಅಲ್ಲಾಡಿ ನಿಂತಿತು. "ಕೇಳು ಮಗಾ" ಎಂದಳು ಕಸ್ತೂರಮ್ಮ ಮೆಲ್ಲಗೆ.

"ಅಜ್ಜಿ, ಬೇರು ಎಲೆಗೆಲ್ಲ ನೀರು ಕಳಿಸತೈತೆ. ಎಲೆ ಅಡುಗೆ ಮಾಡತೈತೆ ಅಂತ ಮೇಷ್ಟ್ರು ಹೇಳಿದ್ರು. ಆ ಅಡುಗೆ ತೊಗಟೆಯಾಗೆ ಇಳಿಯೋವಾಗ ಈ ತಂತಿ ಹತ್ರಾನೇ ಸಿಕ್ಕೊಂಡ್ರೆ, ಕೆಳಗೆ ಬೇರಿಗೆ ಊಟ ಹೆಂಗೆ ಹೋಗತೈತೆ?"