ಗೊರವದ ಇನ್ನೊಂದು ಕಾಲು

ಮುಳವಾಡದಾಚೆ ಕೆರೆಯ ದಂಡೆಗೆ ಶಂಕರೆಪ್ಪನ ಜೋಳ ಹಾಲುದೆನೆಗೆ ಬಂದಿತ್ತು. ಕಾಯುವವನು ಮುದುಕ ಚಮನಸಾಬ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿದನೆಂದರೆ ಕಲ್ಲು ಹೇಳಿದಲ್ಲಿಗೇ ಹೋಗಬೇಕು. ಹಕ್ಕಿ ಎಣಿಸಲು ಬಾಗೇವಾಡಿಯಿಂದ ಬಂದಿದ್ದ ಪಲ್ಲವಿ ಟೀಚರಿಗೆ, ಎಲ್ಲಾ ಹಕ್ಕಿ ಬಲ್ಲವನು ಅವನೇ ಎಂದು ಊರವರು ತೋರಿಸಿ ಕಳಿಸಿದ್ದರು.

ಅವನೂ ಉಬ್ಬಿ ಉಬ್ಬಿ ಒಂದೊಂದೇ ಹೆಸರು ಹೇಳಿದ. ಅಷ್ಟರಲ್ಲಿ ಅವಳ ದುರ್ಬೀನು ಕೆಸರಿನಂಚಿನಲ್ಲಿ ಒಂಟಿಯಾಗಿದ್ದ ಬೂದು ಹಕ್ಕಿಯ ಮೇಲೆ ನಿಂತಿತು. ಚಮನಸಾಬ ಅದರ ಹೆಸರು ಹೇಳದೆ ಕವಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಅವಳು ಪುಸ್ತಕದ ಚಿತ್ರಕ್ಕೆ ತಾಳೆ ನೋಡಿದಳು. ಕೊಕ್ಕಿನ ತುದಿ ತುಸು ಮೇಲಕ್ಕೆ ಬಾಗಿದೆ, ಕಾಲು ಹಸಿರು. ಹಸಿರುಗಾಲಿನ ಗೊರವವೇ ಸರಿ ಎಂದು ಅವನಿಗೂ ಓದಿ ಹೇಳಿದಳು. ಚಳಿಗಾಲ ಕಳೆಯಲು ಹಿಮದ ನಾಡಿನಿಂದ ಬರುತ್ತದಂತೆ, ತೆಳುನೀರಲ್ಲಿ ಓಡಿ ಓಡಿ ಮೀನುಮರಿ ಹಿಡಿಯುತ್ತದಂತೆ, ಕಾಳು ಮುಟ್ಟುವುದಿಲ್ಲವಂತೆ. ದಣಿವಾರಲು ಒಂದು ಕಾಲು ಮಡಚಿದೆ, ಇಳಿಸಲಿ, ಓಡುವುದನ್ನು ಕಂಡೇ ಬರೆಯುತ್ತೇನೆ ಎಂದು ಕೂತಳು.

ಕಾಳು ಮುಟ್ಟುವುದಿಲ್ಲ ಎಂಬುದು ಚಮನಸಾಬನಿಗೆ ಈಗಲೇ ತಿಳಿದದ್ದು. ಕಾಲುವೆ ನೀರು ಬಂದು ಕೆರೆ ತುಂಬಿದ ಮೇಲಷ್ಟೇ ಇಂಥವು ಇಳಿಯತೊಡಗಿದ್ದವು. ಹೊಲದಂಚಿಗೆ ಬಂದ ಇದನ್ನು ತೆನೆಗಳ್ಳನೆಂದು ಎಂಟು ದಿನದ ಹಿಂದೆ ಚಮನಸಾಬ ಹೊಡೆದಿದ್ದ. ಶಂಕರೆಪ್ಪ ಬೆನ್ನು ಚಪ್ಪರಿಸಿದ್ದ. ಚಹಾದಂಗಡಿಯಲ್ಲಿ ಚಮನಸಾಬ ಅದನ್ನೇ ಮೂರು ಸಲ ಹೇಳಿ ಮಂದಿಯನ್ನು ನಗಿಸಿದ್ದ.

ಬಿಸಿಲೇರಿತು. ಬಾಗೇವಾಡಿ ಬಸ್ಸು ಹೋಯಿತು. ಹಕ್ಕಿಗೇನು ನನ್ನ ಬಸ್ಸಿನ ಟೈಮು ಗೊತ್ತೇ ಎಂದು ಪಲ್ಲವಿ ನಕ್ಕಳು. ಇವನೂ ಹಲ್ಲು ಕಿರಿದ. ಆಗ ಗೊರವ ಕದಲಿತು. ಓಡಲಿಲ್ಲ; ಒಂಟಿಕಾಲಲ್ಲಿ ಕುಪ್ಪಳಿಸಿ ಕೊಕ್ಕು ಹಾಕಿತು, ಮೀನು ತಪ್ಪಿತು.

"ಪುಸ್ತಕದಾಗ ಓಡತೈತಿ ಅಂತ ಐತಿ. ನಮ್ಮ ಕಡೆ ಬಂದದ್ದು ಕುಪ್ಪಳಸ್ತೈತೇನ್ರಿ ಅಜ್ಜಾರ? ನೀವ್ ಬಲ್ಲವರು. ಹೌದಂದ್ರ ಹಂಗ ಬರ್ಕೋತೇನಿ."

ಹೌದೆಂದರೆ ಮುಗಿಯುತ್ತಿತ್ತು. ಮುದುಕ ಸೊಂಟದ ಕವಣೆಯನ್ನು ಅಂಗೈಯಿಂದ ಮುಚ್ಚಿಕೊಂಡ.

"ಅದರ ರೂಢಿ ಅಲ್ರಿ. ಇನ್ನೊಂದ್ ಕಾಲ ಇಳಿಯಂಗಿಲ್ಲ. ನಾನ ಮುರದೇನಿ."

ಪಲ್ಲವಿ ಅವನ ಕೈಯನ್ನೊಮ್ಮೆ ನೋಡಿದಳು, ಬೈಯಲಿಲ್ಲ. ಗಾಯವಾಗಿದೆ ಎಂದು ಬರೆದು, ಹೇಗೆ ಎಂಬಲ್ಲಿ ಜಾಗ ಖಾಲಿ ಬಿಟ್ಟಳು. ಅಲ್ಲಿ ನನ್ನ ಹೆಸರು ಬರೆಯಿರಿ ಎಂದ. ಅವಳು ಕವಣೆ ಕಲ್ಲು ಎಂದಷ್ಟೇ ಬರೆದು, ಚೀಲ ಹೆಗಲಿಗೇರಿಸಿ ಹೊರಟಳು. ಮತ್ತೊಂದು ಹಕ್ಕಿಯ ಹೆಸರು ಕೇಳಲಿಲ್ಲ.

ಸಂಜೆ ಗಿಳಿಯ ಹಿಂಡು ಜೋಳಕ್ಕಿಳಿದಾಗ ಚಮನಸಾಬ ತಗಡಿನ ಡಬ್ಬಿ ಬಡಿಯುತ್ತಿದ್ದ. ಶಂಕರೆಪ್ಪ ಬದುವಿನಿಂದಲೇ, "ಕವಣಿ ಎಲ್ಲೈತೋ ಚಮನ್ಯಾ? ಕೈ ಸೋತೈತೇನು?" ಎಂದು ಕೆಣಕಿದ.

"ಹೂನ್ರಿ, ಸೋತೈತಿ" ಎಂದ, ಕೆರೆಯ ಕಡೆ ನೋಡದೆ.