ಬೆಡ್‌ಶೀಟಿನ ಆ ತುದಿ

ನಮ್ಮ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕಡೆ. ಮಧ್ಯಾಹ್ನ ಮೂರಕ್ಕೆ ಇಸ್ತ್ರಿ ಯಂತ್ರ ಬಾಯಿ ತೆರೆದರೆ ಎದುರಿಗಿದ್ದ ಅತ್ತಿಗೆಯ ಮುಖವೂ ಕಾಣುತ್ತಿರಲಿಲ್ಲ. ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಬಿಳಿ ಆವಿಯೊಳಗೆಲ್ಲೋ. ಅಲ್ಲಿಂದ ದನಿ ಮಾತ್ರ ತೇಲಿ ಬರುತ್ತಿತ್ತು.

"ಐ ವಾಶ್."

ಬಿಗಿಯಾಗಿ ಎಳೆಯುತ್ತಿದ್ದೆವು.

"ಯು ವಾಶ್."

ಒಮ್ಮೆ ಕೊಡವುತ್ತಿದ್ದೆವು.

"ಶಿ ವಾಶಸ್."

ಆಗ ಇಬ್ಬರೂ ಮುಂದೆ ನಡೆಯಬೇಕು. ಅತ್ತಿಗೆ ಆವಿಯಿಂದ ಹೊರಬಂದು ಮೂಲೆಗೆ ಮೂಲೆ ಕೂಡಿಸುತ್ತಿದ್ದರು.

"ಈ ಶಿ ಯಾರೇ, ನಿಮ್ಮಮ್ಮನಾ? ಅವಳು ಬಂದಾಗೆಲ್ಲ ಬಾಲ ಬೇರೆ ಅಂಟುತ್ತೆ."

"ನಮ್ಮಮ್ಮನೇ ಇರ್ಬೇಕು ಅತ್ತಿಗೆ. ಎಲ್ಲದ್ರಲ್ಲೂ ಅವಳಿಗೆ ಒಂದು ಜಾಸ್ತೀನೇ ಬೇಕು."

ನಗು ಕೆಮ್ಮಾಗುತ್ತಿತ್ತು. ಅವರ ಎದೆ ಕೆಟ್ಟಿತ್ತು. ಇನ್ನೊಂದು ವರ್ಷ ಈ ಆವಿ ಕುಡಿದರೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಕೈತೊಳೆದುಕೊಂಡಿದ್ದರು. ಮೂರನೇ ಮಹಡಿಯ ವಾರ್ಡಿನಲ್ಲಿ ಆಯಾ ಕೆಲಸ ಖಾಲಿ ಇತ್ತು. ಅಲ್ಲಿ ಕಿಟಕಿಗಳಿವೆ. ಆದರೆ ದಿನದ ಕೆಲಸಗಳನ್ನು ಮೇಟ್ರನ್ ಎದುರು ಇಂಗ್ಲಿಷಿನಲ್ಲಿ, ಐ-ಯು-ಶಿ ಸೇರಿಸಿ, ಹೇಳಿ ತೋರಿಸಬೇಕು. ನಾನು ಲೈಬ್ರರಿಯಿಂದ ವ್ಯಾಕರಣದ ಪುಸ್ತಕ ತಂದೆ. ಕೂತರೆ ಅತ್ತಿಗೆಗೆ ಓದು ಹತ್ತಲಿಲ್ಲ. ಮಡಿಸುತ್ತಾ ಹೇಳಿಕೊಟ್ಟೆ, ಹತ್ತಿತು.

ಪರೀಕ್ಷೆಯ ದಿನ ನಾನು ಮೇಟ್ರನ್ ಕೋಣೆಯ ಬಾಗಿಲಲ್ಲಿ ನಿಂತಿದ್ದೆ.

"ಕ್ಲೀನ್. ಹೇಳಿ," ಎಂದರು ಮೇಟ್ರನ್.

ಅತ್ತಿಗೆ ಬಾಯಿ ತೆರೆದರು. ಎರಡೂ ಕೈ ಚಾಚಿ ಗಾಳಿಯನ್ನು ಹಿಡಿದು ನಿಂತರು. ನನ್ನ ಎಡವಟ್ಟು ಆಗ ಹೊಳೆಯಿತು. ಕೈಯಲ್ಲಿ ಬೆಡ್‌ಶೀಟ್ ಇಲ್ಲದೆ ಅವರಿಂದ ಒಂದು ಸಲವೂ ಹೇಳಿಸಿರಲಿಲ್ಲ.

"ನೆನಪಾಗ್ತಿಲ್ವಾ?"

"ಆಗುತ್ತೆ ಮೇಡಂ. ಆ ಕಡೆ ಸ್ವಲ್ಪ ಹಿಡ್ಕೊಳ್ಳಿ."

ಲೋಟ, ಪೆನ್ನು, ಫೈಲುಗಳನ್ನು ಕುರ್ಚಿಗೆ ಸಾಗಿಸಿ ಅತ್ತಿಗೆ ಮೇಜುಬಟ್ಟೆಯನ್ನು ಎಳೆದೇಬಿಟ್ಟರು. ಮೇಟ್ರನ್ ಬೆಪ್ಪಾಗಿ ಎದ್ದು ಎರಡು ಮೂಲೆ ಹಿಡಿದರು.

ಐ ಕ್ಲೀನ್. ಯು ಕ್ಲೀನ್. ಕೊಡವಿದಾಗ ಎದ್ದ ಧೂಳು ಕಿಟಕಿಯ ಬಿಸಿಲಿನಲ್ಲಿ ಇಳಿಯುವುದನ್ನೇ ಮರೆಯಿತು. ಶಿ ಕ್ಲೀನ್ಸ್ ಎಂದಾಗ ಇಬ್ಬರೂ ನಿದ್ದೆಯಲ್ಲಿ ನಡೆಯುವವರಂತೆ ಹತ್ತಿರ ಬಂದರು. ಫೀಡ್, ಲಿಫ್ಟ್, ಕ್ಯಾರಿ. ಬಿಡಿಸಿದರು, ಮತ್ತೆ ಮಡಿಸಿದರು. ಏಳನೆಯ ಕ್ರಿಯಾಪದಕ್ಕೆ ಮೇಟ್ರನ್ನೇ ಜೊತೆಗೆ ಗುನುಗುತ್ತಿದ್ದರು. ಆಮೇಲೆ ಎಚ್ಚರಾದಂತೆ ಬಟ್ಟೆ ಬಿಟ್ಟರು.

"ಸಾಕಮ್ಮ. ಸೋಮವಾರದಿಂದ ಮೇಲೆ ಬನ್ನಿ. ಈಗ ಇದನ್ನ ಹಾಸ್ಬಿಟ್ಟು ಹೋಗಿ."

ಸೋಮವಾರ ಮೂರು ಗಂಟೆಗೆ ಇಸ್ತ್ರಿ ಯಂತ್ರ ಬಾಯಿ ತೆರೆಯಿತು. ನನ್ನ ಜೊತೆಗೆ ಇನ್ನೂ ಯಾರನ್ನೂ ಹಾಕಿರಲಿಲ್ಲ. ಬೆಡ್‌ಶೀಟಿನ ಆ ತುದಿಯನ್ನು ಗೋಡೆಯ ಎರಡು ಕೊಕ್ಕೆಗಳಿಗೆ ಸಿಕ್ಕಿಸಿದೆ. ಐ, ಯು ಸಲೀಸಾಗಿ ಆಯಿತು. ಶಿ ಎಂದು ಹೇಳಿ, ಆವಿಯ ಕಡೆ ನೋಡಿದೆ. ಗೋಡೆ ನಡೆಯುವುದಿಲ್ಲವಲ್ಲ.

ಅತ್ತಿಗೆಯ ಪಾಲಿನ ಹೆಜ್ಜೆಗಳನ್ನೂ ನಾನೇ ನಡೆದೆ.