ತೋಳಗಳಿಗಾಗಿ ಒಂದು ಅರ್ಜಿ

ಫಸಲಿ ೧೩೨೨ರ, ಅಂದರೆ ಕ್ರಿ.ಶ. ೧೯೧೨ರ, ಚಳಿಗಾಲದಲ್ಲಿ ಕಮಲಾಪುರದವರು ತೋಳಗಳ ಮೇಲೆ ಸರ್ಕಾರಕ್ಕೆ ಅರ್ಜಿ ಬರೆಸಿದರು. ಕಾಗದದ ಕೆಳಗೆ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು ಶಂಕ್ರಮ್ಮ. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಾಗ ಅವಳೇ ಎದ್ದು ಹೋಗಿ ಮಸಿಯಲ್ಲಿ ಬೆರಳು ಅದ್ದಿದಳು.

ಅವಳಿಗೆ ಆಗ ನಲವತ್ತು ದಾಟಿತ್ತು. ಪ್ಲೇಗಿನಲ್ಲಿ ಗಂಡ ಹೋದ ಮೇಲೆ ಊರ ಮೂಡಣಕ್ಕಿದ್ದ ಹನ್ನೆರಡು ಎಕರೆ ಎರೆಹೊಲವನ್ನು ಒಬ್ಬಳೇ ನಡೆಸುತ್ತಿದ್ದಳು. ಉಳುವುದಕ್ಕಷ್ಟೇ ಆಳು. ಬಿತ್ತುವುದು, ಕಳೆ ತೆಗೆಯುವುದು, ಕಾಯುವುದು, ಕೊಯ್ಯುವುದು ಎಲ್ಲ ಅವಳದೇ. ಹೊಲದ ಬದು ದಾಟಿದರೆ ಗಾಯರಾಣ, ಅಂದರೆ ಊರಿನ ದನಕುರಿ ಮೇಯುವ ಹುಲ್ಲುಗಾವಲು. ಅದರಾಚೆ ಕೆಂಪು ಕಲ್ಲಿನ ಗುಡ್ಡಗಳು. ತೋಳಗಳು ಮರಿ ಹಾಕುತ್ತಿದ್ದುದು ಆ ಗುಡ್ಡದ ಬಿಲಗಳಲ್ಲಿ.

ಆ ವರ್ಷ ಅವು ಕುರುಬರ ಮಾಳಪ್ಪನ ಹಿಂಡಿನಿಂದ ಏಳು ಕುರಿ ಎತ್ತಿದ್ದವು. ಕುರಿಗಳ ವಿಷಯಕ್ಕೆ ಶಂಕ್ರಮ್ಮ ಹೆಬ್ಬೆಟ್ಟು ಒತ್ತಿದವಳಲ್ಲ. ಒಂದು ಮಧ್ಯಾಹ್ನ ಬಾಗಿ ಕಡಲೆ ಕೀಳುತ್ತಿದ್ದಾಗ ಬೆನ್ನ ಹಿಂದೆ ಏನೋ ಇದ್ದ ಹಾಗನ್ನಿಸಿ ತಿರುಗಿದರೆ, ಬದುವಿನ ಮೇಲೆ ತೋಳ ನಿಂತಿತ್ತು. ಗುರುಗುಡಲಿಲ್ಲ, ಓಡಲೂ ಇಲ್ಲ. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಅವಳನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ತನ್ನ ಪಾಡಿಗೆ ಇಳಿದು ಹೋಯಿತು. ಶಂಕ್ರಮ್ಮ ಆ ದಿನ ಮನೆಗೆ ಬಂದು ಓಣಿಯವರಿಗೆ ಗಟ್ಟಿಯಾಗಿ ನಗುತ್ತಲೇ ಈ ಸಂಗತಿ ಹೇಳಿದಳು. ಆದರೆ ಆಮೇಲೆ ಎಂಟು ದಿನ ಹೊಲದ ಕಡೆ ಮುಖ ಹಾಕಲಿಲ್ಲ.

ಅರ್ಜಿಗೆ ಬೇಗನೆ ಹುಕುಂ ಬಂತು. ಗಾಯರಾಣದ ಚಿಗರಿಗಳು, ಆ ತಿರುಚುಗೊಂಬಿನ ಜಿಂಕೆಗಳು, ಕಲಬುರ್ಗಿ ಕಚೇರಿಯ ದೊಡ್ಡ ಸಾಹೇಬರ ಶಿಕಾರಿಗೆ ಮೀಸಲಾಗಿದ್ದವು. ರಯತರು ಅವನ್ನು ಮುಟ್ಟುವಂತಿರಲಿಲ್ಲ. ಅವುಗಳ ಮರಿ ತಿನ್ನುವ ತೋಳ ಹೋದರೆ ಸರ್ಕಾರಕ್ಕೂ ಒಳ್ಳೆಯದೇ. ಹೀಗೆ ಕಲಬುರ್ಗಿಯಿಂದ ಇಮಾಮುದ್ದೀನ್ ಎಂಬ ಶಿಕಾರಿ ಬಂದು ಊರ ಹೊರಗೆ ಗುಡಿಸಲು ಹಾಕಿದ. ಮಾತು ಕಡಿಮೆ, ಕಣ್ಣು ಚುರುಕು. ಬಿಲದ ಬಾಯಿಗೆ ಹೊಗೆ ಹಾಕಿದ, ಹಾದಿಯಲ್ಲಿ ಕಬ್ಬಿಣದ ಹಲ್ಲಿನ ಬೋನು ಇಟ್ಟ, ನೀರಿನ ಹೊಂಡದ ಮೇಲೆ ಬಂದೂಕು ಹಿಡಿದು ಕೂತ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಗುಡಿಸಲ ಮುಂದೆ ಹದಿನಾಲ್ಕು ಚರ್ಮ ಒಣಗಿದ್ದವು. ಶಂಕ್ರಮ್ಮ ಅವನಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಒಯ್ದು ಕೊಟ್ಟು ಬಂದಳು. ಊರು ನಿಶ್ಚಿಂತವಾಗಿ ಮಲಗಿತು.

ಚಿಗರಿಗಳು ಮೊದಲೂ ಇದ್ದವು. ಆದರೆ ಮೊದಲಿನ ಚಿಗರಿಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದು ತುತ್ತು ಹುಲ್ಲು, ಒಮ್ಮೆ ತಲೆ ಎತ್ತಿ ಗಾಳಿ ಮೂಸುವುದು, ಮತ್ತೊಂದು ತುತ್ತು. ಏನೋ ಕಡ್ಡಿ ಮುರಿದರೆ ಸಾಕು, ಇಡೀ ಹಿಂಡು ಬಾಣದ ಹಾಗೆ ಜಿಗಿಯುತ್ತ ಎರಡು ಊರು ದಾಟಿ ಹೋಗುತ್ತಿತ್ತು. ಮೂರನೆಯ ವರ್ಷ ಶಂಕ್ರಮ್ಮ ನೋಡಿದ ಚಿಗರಿಗಳು ಬೇರೆ ಥರದವು. ಮುಂಜಾನೆ ಹೊಲಕ್ಕೆ ಹೋದರೆ ಹಿಂಡಿಗೆ ಹಿಂಡೇ ಅವಳ ಕಡಲೆಯಲ್ಲಿ ಕಾಲು ಮಡಚಿ ಮಲಗಿರುತ್ತಿತ್ತು. ಹುಟ್ಟಿದ ಮರಿಗಳೆಲ್ಲ ಉಳಿದು ಹಿಂಡು ನೂರು ದಾಟಿತ್ತು. ತಗಡು ಬಡಿದಳು. ಕೆಲವು ಎದ್ದು ನಿಂತವು, ಕೆಲವು ಕಿವಿ ಆಡಿಸಿದವು. ಕವಣೆಯಿಂದ ಒಂದು ಕಲ್ಲು ಬೀಸಿದ್ದಕ್ಕೆ ಮರುದಿನವೇ ಜವಾನ ಬಂದು, ಚಿಗರಿಗೆ ಏಟು ಬಿದ್ದರೆ ಠಾಣೆಗೆ ಎಳೆಯುತ್ತೇವೆ ಎಂದು ಹೇಳಿ ಹೋದ.

ಕಡಲೆಯ ಚಿಗುರು ಹೋಯಿತು. ಪಕ್ಕದ ಹೊಲದವರ ಜೋಳದ ಸುಳಿ ಹೋಯಿತು. ಗಾಯರಾಣದ ಹುಲ್ಲು ಬೇರಿನವರೆಗೆ ಸವೆದು ಮಾಳಪ್ಪ ಕುರಿಗಳನ್ನು ಹೊಡೆದುಕೊಂಡು ದೂರ ದೂರ ಅಲೆಯಬೇಕಾಯಿತು.

ಶಂಕ್ರಮ್ಮ ಮೈದುನ ಅಣವೀರಪ್ಪನ ಮನೆಗೆ ಹೋದಳು. ಅವನು ಊರಿನ ಮಾಲಿಪಾಟೀಲ. ಕಂದಾಯ, ಹುಕುಂ, ಅರ್ಜಿ ಏನಿದ್ದರೂ ಅವನ ಕೈಯಿಂದಲೇ ಆಗಬೇಕು.

"ಇನ್ನೊಂದು ಅರ್ಜಿ ಬರಸಪಾ" ಎಂದಳು.

"ಏನಂತ ಬರಸ್ಲಿ ವೈನಿ? ತ್ವಾಳ ಹೊಡೀರಿ ಅಂದಿವಿ, ಹೊಡದ್ರು. ಈಗ ಚಿಗರಿ ಹೊಡೀರಿ ಅಂದ್ರ ನನ್ನ ಪಾಟೀಲ್ಕಿ ಉಳಿತದೇನು? ಸಾಹೇಬರ ಚಿಗರಿ ಅವು."

"ನೀ ಬರಸ್ಬ್ಯಾಡ. ನಾನೇ ಹೋಗ್ತೀನಿ."

"ಎಲ್ಲಿಗಿ?"

"ಕಲಬುರ್ಗಿಗಿ."

ಅಣವೀರಪ್ಪ ನಕ್ಕ. ಮರುದಿನ ನಸುಕಿನಲ್ಲಿ ಕೆಂಪು ಬಾಳೆಯ ಗೊನೆ ಹೇರಿಕೊಂಡು ಹೊರಟ ಬಂಡಿಯಲ್ಲಿ ವೈನಿ ಕೂತದ್ದು ಕೇಳಿ ನಗು ನಿಲ್ಲಿಸಿದ.

ಬಂಡಿ ಕಲಬುರ್ಗಿ ಪೇಟೆಯ ಜಗತ್ ಹತ್ತಿರ ಗೊನೆ ಇಳಿಸುವಷ್ಟರಲ್ಲಿ ಸಂಜೆಯಾಗಿತ್ತು. ಶಂಕ್ರಮ್ಮ ಶರಣಬಸಪ್ಪನ ಗುಡಿಯಲ್ಲಿ ಪ್ರಸಾದ ಉಂಡು ಅಲ್ಲೇ ಮಲಗಿದಳು. ಬೆಳಗಾದ ಮೇಲೆ ಕೇಳುತ್ತ ಕೇಳುತ್ತ ಕಚೇರಿಗೆ ಹೋದಳು. ಮೊದಲ ದಿನ ಯಾರೂ ಅವಳನ್ನು ಒಳಗೆ ಬಿಡಲಿಲ್ಲ. ಎರಡನೆಯ ದಿನವೂ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಮಧ್ಯಾಹ್ನದ ನಮಾಜು ಮುಗಿಸಿ ಬಂದ, ಸಾಹೇಬರ ಕಾಗದಪತ್ರ ನೋಡುವ ಪೇಷ್ಕಾರ ಹಮೀದ್, ಎರಡು ದಿನದಿಂದ ಅದೇ ಕಂಬ ಅದೇ ಹೆಂಗಸು ಎಂದು ಗಮನಿಸಿ ಕರೆದ. ಐವತ್ತರ ಆಸುಪಾಸಿನ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಅವಳ ಊರಿನ ಹೆಸರು, ಚಿಗರಿಗಳ ಕಾಟದ ಮಾತು ಕೇಳಿದ್ದೇ ಹಳೆಯ ಕಾಗದದ ಕಟ್ಟು ತರಿಸಿದ.

"ಅಮ್ಮಾ, ತ್ವಾಳ ಹೊಡಸ್ರಿ ಅಂತ ಮೂರು ವರ್ಸದ ಹಿಂದ ಅರ್ಜಿ ಬಂದದ. ಮೊದಲನೇ ಹೆಬ್ಬಟ್ಟು ಶಂಕ್ರಮ್ಮಂದು. ಅದು ನೀವೇ ಏನು?"

"ನಾನೇ ರೀ."

"ಸರ್ಕಾರ ಹೊಡಸ್ತು. ಈಗ ಚಿಗರಿ ಹೊಡಸ್ರಿ ಅಂತೀರಿ. ಅದು ಆಗಂಗಿಲ್ಲ."

"ಚಿಗರಿ ಹೊಡೀರಿ ಅನ್ಲಾಕ ನಾ ಬಂದಿಲ್ರಿ. ಅವು ಸಾಹೇಬರವು, ಇರ್ಲಿ. ನಮ್ಮ ತ್ವಾಳ ನಮಗ ವಾಪಸ್ ಕೊಡ್ರಿ."

ಪಕ್ಕದಲ್ಲಿ ಬರೆಯುತ್ತಿದ್ದ ಇಬ್ಬರು ಗುಮಾಸ್ತರು ಲೇಖನಿ ಕೆಳಗಿಟ್ಟು ನಕ್ಕರು. ಹಮೀದ್ ನಗಲಿಲ್ಲ.

"ಯಾ ಅಲ್ಲಾ! ಸರ್ಕಾರದ ಕೊಟ್ಟಿಗ್ಯಾಗ ತ್ವಾಳ ಕಟ್ಟ್ಯಾರೇನಮ್ಮಾ, ಬಿಚ್ಚಿ ಕೊಡ್ಲಾಕ?"

"ಕೊಡ್ಲಾಕ ಆಗ್ದಿದ್ರ ಬಿಡ್ರಿ. ಬರೋವು ತಾವೇ ಬರ್ತಾವ. ಶಿಕಾರಿನ ಮಾತ್ರ ವಾಪಸ್ ಕರ್ಕೋರಿ. ನಾ ಹೊಲದಾಗ ದಿನಾ ನೋಡ್ತೀನ್ರಿ. ತ್ವಾಳ ಇದ್ದಾಗ ಚಿಗರಿ ತಿಂತಿದ್ವು, ಹೋಗ್ತಿದ್ವು. ಈಗ ತಿಂತಾವ, ಅಲ್ಲೇ ಮಲಗ್ತಾವ. ತ್ವಾಳ ಕಾವಲಿಗಿ ಇತ್ತು ಅನ್ನೋದು ನಮಗ ತಿಳೀಲಿಲ್ಲ. ನನಗೂ ತಿಳೀಲಿಲ್ಲ. ನನ್ನ ಹೆದರಿಕಿ ನಾ ನೋಡಿದೆ ಅಷ್ಟೇ."

ಹಮೀದ್ ಕನ್ನಡಕ ತೆಗೆದು ಶೆರವಾನಿಯ ತುದಿಗೆ ಒರೆಸಿದ. ಅವನ ನೌಕರಿಯಲ್ಲಿ ತನ್ನದೇ ಹಳೆಯ ಅರ್ಜಿ ತಪ್ಪು ಎಂದು ಹೇಳಲು ಬಂಡಿ ಹತ್ತಿ ಬಂದವರು ಇನ್ನೊಬ್ಬರಿರಲಿಲ್ಲ.

"ತ್ವಾಳ ಬೇಕು ಅಂತ ಅರ್ಜಿ ಬರದ್ರ ಮ್ಯಾಲಿನವರು ನನ್ನ ಹುಚ್ಚ ಅಂತಾರ" ಎಂದ. ಹೊಸ ಕಾಗದ ಎಳೆದುಕೊಂಡು ಕೇಳಿದ, "ಈ ವರ್ಸ ಊರಾಗ ಯಾರರ ತ್ವಾಳ ನೋಡ್ಯಾರೇನು?"

"ಇಲ್ರಿ. ಒಂದೂ ಇಲ್ಲ."

"ಹಂಗಾದ್ರ ಇದು ಅರ್ಜಿ ಅಲ್ಲ, ಖಬರು, ಬರೀ ಸುದ್ದಿ. ಕಮಲಾಪುರದ ಸುತ್ತ ತ್ವಾಳ ಉಳದಿಲ್ಲ, ಶಿಕಾರಿ ಕೆಲಸ ಮುಗದದ. ಇಷ್ಟು ಬರೀತೀನಿ. ಖಬರಿಗಿ ಯಾರೂ ಇಲ್ಲ ಅನ್ನಂಗಿಲ್ಲ."

ಉರ್ದುವಿನಲ್ಲಿ ನಾಲ್ಕು ಸಾಲು ಬರೆದ. ಶಂಕ್ರಮ್ಮ ಹೆಬ್ಬೆಟ್ಟು ಒತ್ತಿದಳು.

ತಿಂಗಳೊಳಗೆ ಇಮಾಮುದ್ದೀನನಿಗೆ ಚಿಂಚೋಳಿ ಕಡೆ ಹೋಗಲು ಹುಕುಂ ಬಂತು. ಹೋಗುವ ಹಿಂದಿನ ದಿನ ಅವನು ಹೊಲಕ್ಕೆ ಬಂದ. ಶಂಕ್ರಮ್ಮ ಕೊಡದಿಂದ ನೀರು ಬಗ್ಗಿಸಿದಳು. ಬೊಗಸೆಯಲ್ಲಿ ಕುಡಿದು ಬದುವಿನ ಮೇಲೆ ಕೂತ.

"ಯಕ್ಕಾ, ನಿನ್ನ ಕೈ ರೊಟ್ಟಿ ಉಂಡಿದ್ದೆ. ನೀನೇ ನನ್ನ ರೊಟ್ಟಿ ತಗದಿ."

ಶಂಕ್ರಮ್ಮ ಕೊಡ ಕೆಳಗಿಟ್ಟಳು. ಅವನ ಮಾತು ನಿಜವಾಗಿತ್ತು.

"ಇರ್ಲಿ. ಚಿಂಚೋಳಿ ಅಡವ್ಯಾಗೂ ಕೆಲಸ ಅದ" ಎಂದು ಅವನೇ ಮುಂದುವರಿಸಿದ. "ಆದ್ರ ನೀ ಬರಸಿದ ಖಬರು ಖರೇ ಅಲ್ಲ. ಗುಡ್ಡದ ಹಿಂದ ಒಂದು ಜೋಡಿ ಉಳದದ. ಹೆಣ್ಣು ಗಬ್ಬ ಅದ. ಎರಡು ತಿಂಗಳಿಂದ ಹೆಜ್ಜಿ ನೋಡ್ಲಾಕತ್ತೀನಿ. ಇವತ್ತೇ ಕೂತ್ರ ಎರಡೂ ಸಿಗ್ತಾವ. ನಾಳಿ ತನಕ ನನ್ನ ಕೈಯಾಗ ಬಂದೂಕ ಅದ. ಕೂಡ್ಲೋ, ಬ್ಯಾಡೋ? ನೀನೇ ಹೇಳು."

ಕಚೇರಿಯಲ್ಲಿ ತೋಳ ಕೇಳುವುದು ಸುಲಭವಾಗಿತ್ತು. ಅಲ್ಲಿ ತೋಳ ಬರೀ ಮಾತು. ಇಲ್ಲಿ ಗುಡ್ಡ ಕಣ್ಣೆದುರಿಗೇ ಇತ್ತು. ಅವಳು ದಿನವೂ ಒಬ್ಬಳೇ ಬಾಗಿ ದುಡಿಯುವ ಸಾಲುಗಳಿಗೂ ಆ ಗುಡ್ಡಕ್ಕೂ ನಡುವೆ ಹುಲ್ಲು ಸವೆದ ಬಯಲೊಂದೇ. ಶಂಕ್ರಮ್ಮ ಕಳೆ ತೆಗೆಯುವ ಕುರುಪಿಯಿಂದ ಮಣ್ಣು ಕೆದರುತ್ತ ಕೂತಳು.

"ಬ್ಯಾಡಪಾ" ಎಂದಳು ಕೊನೆಗೆ.

"ನಾಳಿ ಯಾರದರ ಕುರಿ ಹೋದ್ರ?"

"ನನ್ನ ಕಡಿ ಬರ್ಲಿ ಅವರು."

ಇಮಾಮುದ್ದೀನ್ ಎದ್ದು ಅಂಗಿಯ ಮಣ್ಣು ಕೊಡವಿದ. ಆ ಸಂಜೆ ಗುಡ್ಡದ ಕಡೆ ಬಂದೂಕಿನ ಸದ್ದು ಕೇಳಲಿಲ್ಲ. ಬೆಳಿಗ್ಗೆ ಗುಡಿಸಲು ಖಾಲಿಯಿತ್ತು.

ಆ ವರ್ಷದ ಕಡಲೆ ಅರ್ಧಕ್ಕಿಂತ ಹೆಚ್ಚು ಹಾಳಾಗಿಯೇ ಹೋಯಿತು. ಮರುವರ್ಷದ ಹಿಂಗಾರಿಗೆ ಬಿತ್ತಿ, ಚಿಗುರು ಒಡೆದ ಮೇಲೆ ಒಂದು ಮುಂಜಾನೆ ಹೊಲಕ್ಕೆ ಬಂದ ಶಂಕ್ರಮ್ಮನಿಗೆ ಸಾಲುಗಳಲ್ಲಿ ಒಂದು ಚಿಗರಿಯೂ ಕಾಣಲಿಲ್ಲ. ಹಿಂಡು ದೂರದಲ್ಲಿ ಒತ್ತಾಗಿ ನಿಂತಿತ್ತು, ಎಲ್ಲದರ ಮುಖ ಗುಡ್ಡದ ಕಡೆಗೆ. ಗಾಯರಾಣದ ನಡುವೆ ಒಂದು ಮರಿಯ ಗೊರಸು, ಒಂದಿಷ್ಟು ಚರ್ಮ, ನೆತ್ತರಿನ ಕಲೆ ಬಿದ್ದಿದ್ದವು. ಅವಳು ಅದನ್ನು ಸುತ್ತು ಹಾಕಿ ನೋಡಿದಳು. ಮರಿ ತೀರ ಎಳೆಯದು. ಅವಳಿಗೆ ಸಂತೋಷವೇನೂ ಆಗಲಿಲ್ಲ. ಹಿಂಡು ಆ ದಿನವೇ ಬಡಗಣಕ್ಕೆ ಸರಿಯಿತು, ವಾರ ಬಿಟ್ಟು ಬಂತು, ಮತ್ತೆ ಹೋಯಿತು. ಬಂದಾಗ ತಿನ್ನುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ.

ಮಾಘ ಮಾಸದಲ್ಲಿ ಮಾಳಪ್ಪ ಅವಳ ಅಂಗಳಕ್ಕೆ ಬಂದು ಕೋಲು ಕುಟ್ಟಿದ.

"ನಿನ್ನ ಕಡಲಿ ಉಳೀತು, ನನ್ನ ಎರಡು ಮರಿ ಹೋದ್ವು! ಕಲಬುರ್ಗಿಗಿ ಹೋಗಿ ತ್ವಾಳ ಬೇಡ್ಕೊಂಡು ಬಂದಿ ಅಂತ ಊರೇ ಅಂತದ. ಯಾರ್ ಹೊಟ್ಟಿ ಮ್ಯಾಲ ಹೊಡದಿ ನೀ?"

ಓಣಿಯ ಜನ ಬಾಗಿಲಿಗೆ ಬಂದರು. ಅಣವೀರಪ್ಪನೂ ಬಂದ. ತೋಳಗಳ ಮೇಲೆ ಮತ್ತೊಂದು ಅರ್ಜಿ ಬರೆಸಿದರಾಯಿತು ಎಂದ. ಶಂಕ್ರಮ್ಮ ಅವನ ಕಡೆ ನೋಡಲಿಲ್ಲ.

"ನಾನೇ ಬೇಡಿದ್ದು, ಖರೇ ಅದ ಮಾಳಪ್ಪಣ್ಣ" ಎಂದಳು. "ಹೋದ ವರ್ಸ ನಿನ್ನ ಕುರಿಗಿ ಹುಲ್ಲು ಎಲ್ಲಿತ್ತು ಹೇಳು. ಹುಲ್ಲು ಹುಡುಕ್ಕೊಂಡು ಎಷ್ಟು ಊರು ತಿರಗಿದಿ? ದಾರ್ಯಾಗ ಎಷ್ಟು ಸತ್ತುವು?"

ಮಾಳಪ್ಪ ಕೋಲು ಕುಟ್ಟುವುದನ್ನು ನಿಲ್ಲಿಸಿದ. ಹನ್ನೊಂದು ಸತ್ತಿದ್ದವು. ಊರಿಗೆಲ್ಲ ಗೊತ್ತಿತ್ತು.

"ಕಡಲಿ ಕಿತ್ತ ಮ್ಯಾಲ ಹೊಲ ಖಾಲಿ ಬೀಳ್ತದ. ನಿನ್ನ ಕುರಿ ಇರುಳು ಅಲ್ಲೇ ಕೂಡಿಹಾಕಿ ತರುಬು. ಸುತ್ತ ಜಾಲಿಮುಳ್ಳಿನ ಬೇಲಿ ನಾ ಹಾಕ್ತೀನಿ, ಆಳೆತ್ತರ. ಗೊಬ್ಬರ ನನಗ, ಕಾವಲು ಇಬ್ಬರಿಗಿ. ಅಷ್ಟಾದ ಮ್ಯಾಲೂ ಮರಿ ಹೋದ್ರ ನನ್ನ ಮನಿ ಆಡಿನ ಮರಿ ತಗೊಂಡು ಹೋಗು."

ಮಾಳಪ್ಪ ಕೋಲು ಹೆಗಲಿಗೇರಿಸಿ ಹೋದ. ಶಂಕ್ರಮ್ಮ ಮಾತ್ರ ಮರುದಿನದಿಂದ ಕೊಡಲಿ ಹಿಡಿದು ಹಳ್ಳದ ದಂಡೆಯ ಜಾಲಿ ಕಡಿಯತೊಡಗಿದಳು. ಒಂಬತ್ತು ದಿನ ಹಿಡಿಯಿತು. ಮುಂಗೈ ತುಂಬ ಮುಳ್ಳು ಗೀರಿದ ಗಾಯ. ಹತ್ತನೆಯ ದಿನ ಹೊತ್ತು ಮುಳುಗುವಾಗ ಮಾಳಪ್ಪ ಹಿಂಡು ಹೊಡೆದುಕೊಂಡು ಬಂದು, ಬೇಲಿಯ ಸುತ್ತ ನಡೆದು ಎರಡು ಕಡೆ ಸಡಿಲ ಇದ್ದ ಮುಳ್ಳನ್ನು ಒದ್ದು ಬಿಗಿ ಮಾಡಿದ. ಆಮೇಲೆ ಕುರಿಗಳನ್ನು ಒಳಗೆ ಬಿಟ್ಟ.

ಆ ಬೇಸಿಗೆಯಲ್ಲಿ ಒಂದು ಮರಿಯೂ ಹೋಗಲಿಲ್ಲ. ಮರುವರ್ಷ ಒಂದು ಹೋಯಿತು. ಶಂಕ್ರಮ್ಮ ಆಡಿನ ಮರಿ ಎತ್ತಿಕೊಂಡು ಹೋಗಿ ಕೊಟ್ಟಳು, ಮಾಳಪ್ಪ ತೆಗೆದುಕೊಂಡ. ಗೊಬ್ಬರ ಬಿದ್ದ ನೆಲದಲ್ಲಿ ಅವಳ ಜೋಳ ಮಾರುದ್ದ ಬೆಳೆದದ್ದು ನೋಡಿ ಪಕ್ಕದ ಹೊಲದವರೂ ಬೇಲಿ ಕಟ್ಟಿ ಮಾಳಪ್ಪನನ್ನು ಕರೆಯತೊಡಗಿದರು. ಯಾರ ಹೊಲದಲ್ಲಿ ಮೊದಲು ಕುರಿ ತರುಬಬೇಕು ಎಂಬುದಕ್ಕೆ ಪ್ರತಿ ವರ್ಷ ಜಗಳ ಬೀಳುತ್ತಿತ್ತು. ಅದನ್ನು ಬಗೆಹರಿಸುವ ಕೆಲಸ ಅಣವೀರಪ್ಪನ ಪಾಲಿಗೆ ಬಂತು.